ಗೋಡೆ ಬದಿಯ ಚಕ್ರ

ಸ್ವಂತ ಕಾರು ಕೆಟ್ಟರೆ ಕಾರು ಮಾತ್ರ ಕೆಡುತ್ತದೆ. ಕೇಳಿ ತಂದ ಕಾರು ಕೆಟ್ಟರೆ ಸಂಬಂಧವೂ ಕೆಡುತ್ತದೆ. ಇದು ಗೊತ್ತಿದ್ದೂ ನಾವು ಕೇಳುವುದನ್ನು ಬಿಡುವುದಿಲ್ಲ, ಅವರು ಕೊಡುವುದನ್ನು ಬಿಡುವುದಿಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

೧. ಉಪದೇಶ

ನಾನು ಪುತ್ತೂರಿನಲ್ಲಿ ಭೌತಶಾಸ್ತ್ರ ಕಲಿಸುವವನು. ಕಡಬದ ಕಾಲೇಜೊಂದರಿಂದ ವೈಜ್ಞಾನಿಕ ಮನೋಭಾವದ ಬಗ್ಗೆ ಭಾಷಣಕ್ಕೆ ಕರೆ ಬಂದ ವಾರವೇ ನನ್ನ ಕಾರು ಗ್ಯಾರೇಜು ಸೇರಿತ್ತು. ಬೆಟ್ಟಂಪಾಡಿಯ ಭಾವನಲ್ಲಿ, ಅಂದರೆ ಹೆಂಡತಿಯ ಅಣ್ಣನಲ್ಲಿ, ಅವರ ಹೊಸ ಕಾರು ಕೇಳಿದೆ.

ಆ ಕಾರಿಗೆ ಹೊಳೆಯುವ ಅಲಾಯ್ ಚಕ್ರಗಳು. ಆ ಮನೆಯಲ್ಲಿ ದೇವರ ದೀಪ ಉಜ್ಜುವುದು ಅತ್ತಿಗೆ, ಚಕ್ರ ಉಜ್ಜುವುದು ಭಾವ. ಹಳೆಯ ಬನಿಯನ್ನಿನಲ್ಲಿ, ದಿನಾ ಬೆಳಿಗ್ಗೆ. ಶೆಡ್ಡು ಇಕ್ಕಟ್ಟು. ಕಾರಿನ ಎಡಗಡೆ ಗೋಡೆಗೆ ಒತ್ತಿ ನಿಲ್ಲುವುದರಿಂದ ಸೇವೆ ಸಲ್ಲುವುದು ಬಲಗಡೆಯ ಎರಡು ಚಕ್ರಗಳಿಗೆ ಮಾತ್ರ.

ಕೀ ಕೊಡುವ ಮೊದಲು ಭಾವ ರಸ್ತೆಯಲ್ಲಿ ಹೊಂಡ ಎಲ್ಲೆಲ್ಲಿ ಉಂಟು ಎಂದು ವಿವರಿಸಿದರು. ದಾರಿಬದಿಯ ದೈವದ ಕಾಣಿಕೆ ಡಬ್ಬಿಗೆ ಒಂದು ನಾಣ್ಯ ಹಾಕಿಯೇ ಮುಂದೆ ಹೋಗಬೇಕು ಎಂದರು. ಹೊಂಡದ ವಿಷಯ ಮಾತ್ರ ನೆನಪಿಟ್ಟುಕೊಂಡೆ.

ಹೆಂಡತಿಯ ಉಪದೇಶ ಚಿಕ್ಕದು. “ಒಂದು ಗೀರು ಬಿದ್ದರೂ ಅಣ್ಣ ವರ್ಷವಿಡೀ ಹೇಳಿಕೊಂಡು ತಿರುಗ್ತಾನೆ. ಮತ್ತೆ ನಾನು ತವರಿಗೆ ಹೋಗುದು ಹೇಗೆ?”

ವರ್ಷವಿಡೀ ಅವಳು ತವರಿಗೆ ಹೋಗದಿದ್ದರೆ ಅದರ ಪರಿಣಾಮ ಯಾರ ಮೇಲೆ ಎಂದು ಲೆಕ್ಕ ಹಾಕಲು ಭೌತಶಾಸ್ತ್ರ ಬೇಡ.

೨. ಅಟ್ಟ

ಕಾಣಿಕೆ ಡಬ್ಬಿ ದಾಟಿ ಎರಡು ತಿರುವು ಆಗುವಷ್ಟರಲ್ಲಿ ಬಲಗಡೆಯ ಮುಂದಿನ ಟಯರು ಮಲಗಿತು. ಇಳಿದು ನೋಡಿದರೆ ಮೊಳೆ. ಪಕ್ಕದಲ್ಲೇ ‘ಹಾರ್ದಿಕ ಸ್ವಾಗತ’ ಎಂಬ ಫ್ಲೆಕ್ಸು ಅರ್ಧ ಕಳಚಿ ನೇತಾಡುತ್ತಿತ್ತು. ಅದರ ಚೌಕಟ್ಟಿನ ಉಳಿದ ಮೊಳೆಗಳು ಇತರ ಅತಿಥಿಗಳಿಗಾಗಿ ಕಾಯುತ್ತಿದ್ದವು.

ಡಿಕ್ಕಿ ತೆರೆದೆ. ಜಾಕ್ ಇತ್ತು, ಸ್ಪ್ಯಾನರ್ ಇತ್ತು, ಸ್ಟೆಪ್ನಿ ಇರಲಿಲ್ಲ. ಭಾವನಿಗೆ ಫೋನ್ ಮಾಡಿದೆ.

“ಸ್ಟೆಪ್ನಿ ಅಟ್ಟದಲ್ಲಿ ಉಂಟು ಭಾವ. ಗೋಣಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಹೊಸತಲ್ವಾ, ಸುಮ್ಮನೆ ಊರಿಡೀ ತಿರುಗಿ ಹಾಳಾಗುದು ಬೇಡ ಅಂತ.”

“ಅಟ್ಟದಲ್ಲಾ?” ಎಂದೆ. ಅದನ್ನು ಭಯವೆಂದು ತಿಳಿದು ಭಾವ ಧೈರ್ಯ ತುಂಬಿದರು.

“ಹೆದರ್ಬೇಡಿ, ಅದಕ್ಕೆ ಎಂತದೂ ಆಗಿಲ್ಲ.”

೩. ವೈಜ್ಞಾನಿಕ ಮನೋಭಾವ

ನಮ್ಮ ಕಡೆ ದಾರಿಯಲ್ಲಿ ಕಾರು ನಿಂತರೆ ಜನ ನಿಲ್ಲುತ್ತಾರೆ. ಇದು ನಮ್ಮವರ ದೊಡ್ಡ ಗುಣ. ನಿಂತವರು ಕೈ ಹಾಕುವುದಿಲ್ಲ ಎಂಬುದು ಬೇರೆ ಮಾತು. ಹತ್ತು ನಿಮಿಷದಲ್ಲಿ ಆರು ಮಂದಿ ಸೇರಿದರು. ಎಲ್ಲರದೂ ಒಂದೇ ಪ್ರಶ್ನೆ: ಡಬ್ಬಿಗೆ ನಾಣ್ಯ ಹಾಕಿದ್ದೀರಾ? ಹಾಕಲಿಲ್ಲ ಎಂದೆ. ಆರೂ ಮಂದಿ ತಲೆಯಾಡಿಸಿದರು. ಅವರ ಮಟ್ಟಿಗೆ ತನಿಖೆ ಮುಗಿದಿತ್ತು. ಮೊಳೆ ತೋರಿಸಿದೆ. ಯಾರೂ ಅದರತ್ತ ನೋಡಲಿಲ್ಲ.

ಕಡೆಗೆ ಒಬ್ಬ ಜೀಪಿನವ ಕಾಲಲ್ಲಿ ಒತ್ತುವ ಪಂಪು ಕೊಟ್ಟ. ನಾನು ಒತ್ತಿದೆ, ಆರು ಮಂದಿ ಎಣಿಸಿದರು. ಆ ಗಾಳಿಯಲ್ಲಿ ತೆವಳುತ್ತಾ ಕಡಬದ ಪಂಕ್ಚರ್ ಅಂಗಡಿ ಮುಟ್ಟಿ, ಕಾರನ್ನು ಅಲ್ಲೇ ಬಿಟ್ಟು ಅದೇ ಜೀಪಿನಲ್ಲಿ ಕಾಲೇಜಿಗೆ ಓಡಿದೆ. ತಡವೇಕೆಂದು ಪ್ರಾಂಶುಪಾಲರಿಗೆ ಜೀಪಿನವನೇ ವಿವರಿಸಿದ.

ಒಂದು ಗಂಟೆ ಕಾರ್ಯಕಾರಣ ಸಂಬಂಧದ ಬಗ್ಗೆ ಮಾತಾಡಿದೆ. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಅದು ಇದಕ್ಕೆ ಕಾರಣವಾಗುವುದಿಲ್ಲ ಎಂದೆ. ಚಪ್ಪಾಳೆ ಬಂತು. ಪ್ರಶ್ನೆಗಳಿವೆಯೇ ಎಂದಾಗ ಮೊದಲು ಎದ್ದು ನಿಂತವರು ಪ್ರಾಂಶುಪಾಲರು.

“ಸರ್, ಹೋಗುವಾಗಲಾದ್ರೂ ಡಬ್ಬಿಗೆ ಹಾಕಿ ಹೋಗ್ತೀರಲ್ವಾ?”

೪. ಎಲ್ಲರೂ ಕೇಳುವ ಜಾಗ

ಅಂಗಡಿಗೆ ಮರಳಿದಾಗ ಟಯರು ಸರಿಯಾಗಿತ್ತು, ಚಕ್ರ ಸರಿಯಿರಲಿಲ್ಲ. ಹೊಳೆಯುವ ರಿಮ್ಮಿನ ಅಂಚಿನಲ್ಲಿ ಬೆರಳುದ್ದದ ಗೀರು, ಅದರ ಪಕ್ಕ ಒಂದು ಸಣ್ಣ ಚಕ್ಕೆ ಎದ್ದಿತ್ತು.

ಅಂಗಡಿಯವರು ನಡುವಯಸ್ಸಿನ ಬ್ಯಾರಿ ಸಾಹೇಬರು. ತಪ್ಪನ್ನು ಕೂಡಲೇ ಒಪ್ಪಿಕೊಂಡರು, ಆದರೆ ತಮ್ಮದೆಂದು ಅಲ್ಲ. ಕರೆಂಟು ಹೋಗಿತ್ತು, ಮೆಷಿನ್ ನಿಂತಿತ್ತು, ಕೈಯಲ್ಲೇ ಕಬ್ಬಿಣದ ಪಟ್ಟಿ ಹಾಕಿ ಟಯರು ಕಳಚಬೇಕಾಯಿತು, ಪಟ್ಟಿ ಜಾರಿತು. ಒಟ್ಟಿನಲ್ಲಿ ತಪ್ಪು ವಿದ್ಯುತ್ತಿನದು.

ಕಾರು ನನ್ನದಲ್ಲ, ಹೆಂಡತಿಯ ತವರಿನದು ಎಂದೆ. ಅವರ ಮುಖ ಮೊದಲ ಬಾರಿಗೆ ಗಂಭೀರವಾಯಿತು.

“ಅಯ್ಯೋ. ಅದು ಮೊದಲೇ ಹೇಳುದಲ್ವಾ ಮಾರಾಯ್ರೆ.”

ಗೀರಿಗೆ ಬೆಳ್ಳಿ ಬಣ್ಣ ಹಚ್ಚಿದರು. ಗೀರು ಇನ್ನಷ್ಟು ಎದ್ದು ಕಂಡಿತು. ಆಗ ನನ್ನ ಇಪ್ಪತ್ತು ವರ್ಷದ ವೈಜ್ಞಾನಿಕ ಮನೋಭಾವ ಕೆಲಸಕ್ಕೆ ಬಂತು. ಈ ಚಕ್ರವನ್ನು ಎಡಗಡೆಯ ಹಿಂದಕ್ಕೆ ಹಾಕಿ, ಅಲ್ಲಿಯದನ್ನು ಬಲಗಡೆಯ ಮುಂದಕ್ಕೆ ಹಾಕಲು ಸಾಧ್ಯವೇ ಎಂದು ಮೆಲ್ಲಗೆ ಕೇಳಿದೆ.

“ಗೋಡೆ ಬದಿಯಾ?” ಎಂದರು ಅವರು, ಇದನ್ನು ದಿನಾ ಕೇಳುವವರಂತೆ. ಸ್ಪ್ಯಾನರ್ ಹಿಡಿದು ಆಚೆ ಹೋಗಿ ಕೂತವರು ಕೂಡಲೇ ಎದ್ದರು. “ಸಾರ್, ಇಲ್ಲಿ ಬನ್ನಿ.”

ಎಡಗಡೆಯ ಹಿಂದಿನ ಚಕ್ರದಲ್ಲಿ ಅದಾಗಲೇ ಒಂದು ಗೀರಿತ್ತು. ನನ್ನದಕ್ಕಿಂತ ಉದ್ದ. ಮೇಲೆ ಅದೇ ಬೆಳ್ಳಿ ಬಣ್ಣ.

“ಇದು ನಾನೇ ಹಚ್ಚಿದ್ದು. ಜನರ ಮುಖ ಮರೀತದೆ, ರಿಮ್ಮು ಮರೆಯುದಿಲ್ಲ. ಒಬ್ಬರು ಟೀಚರಮ್ಮ ಬಂದಿದ್ರು. ಕಟ್ಟೆಗೆ ಉಜ್ಜಿದ್ದಂತೆ. ಯಜಮಾನರಿಗೆ ಗೊತ್ತಾಗ್ಬಾರ್ದು, ಗೋಡೆ ಬದಿಗೆ ಹಾಕಿ ಅಂದ್ರು.”

ಆ ಕಾರು ಓಡಿಸುವ ಟೀಚರು ಒಬ್ಬರೇ. ಅತ್ತಿಗೆ. ಕಡಬದ ಶಾಲೆಗೆ ಹೋಗುವವರು.

ಉಳಿದ ಜಾಗ ಒಂದೇ, ಎಡಗಡೆಯ ಮುಂದಿನದು. ನನ್ನ ಚಕ್ರ ಅಲ್ಲಿಗೆ ಹೋಯಿತು. ಅಲ್ಲಿನ ಚೊಕ್ಕ ಚಕ್ರ ಬಲಗಡೆಗೆ ಬಂತು.

೫. ತಪಾಸಣೆ

ಬೆಟ್ಟಂಪಾಡಿ ಮುಟ್ಟುವಾಗ ಸಂಜೆ. ಭಾವ ತೋಟದಿಂದ ಬರುವುದರೊಳಗೆ ಕಾರು ಶೆಡ್ಡು ಸೇರಬೇಕಿತ್ತು. ಅಂಗಳದಲ್ಲಿ ಅತ್ತಿಗೆ ನಿಂತಿದ್ದರು. ಪಂಕ್ಚರಿನ ಸುದ್ದಿ ಅವರಿಗೆ ಗೊತ್ತಿತ್ತು. ನನ್ನ ಮುಖವನ್ನೂ, ಎಡಗಡೆಯ ಮುಂದಿನ ಚಕ್ರವನ್ನೂ ಒಂದೊಂದು ಸಲ ನೋಡಿದರು. ಆಮೇಲೆ ತಾವೇ ಶೆಡ್ಡಿನ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡತೊಡಗಿದರು. ಇನ್ನೂ ಒತ್ತಿ, ಇನ್ನೂ ಒತ್ತಿ. ಕನ್ನಡಿ ಗೋಡೆಗೆ ತಾಗಿದ ಮೇಲೆ ಸಾಕು ಎಂದರು.

ಭಾವ ಬನಿಯನ್ ಹಿಡಿದೇ ಬಂದರು.

“ಪಂಕ್ಚರ್ ಆದದ್ದು ಯಾವುದು ಭಾವ?”

“ಬಲಗಡೆ ಮುಂದಿನದು” ಎಂದೆ. ಸುಳ್ಳಲ್ಲ.

ಕುಕ್ಕರುಗಾಲಲ್ಲಿ ಕೂತು ಆ ಚಕ್ರವನ್ನು ಸುತ್ತ ಉಜ್ಜಿದರು, ಉಗುರಿನಿಂದ ಅಂಚು ಕೆರೆದರು. ಒಂದು ಗುರುತೂ ಇಲ್ಲ. ಕಡಬದವರ ಕೈ ಎಂದರೆ ಕೈ, ಸುಳ್ಯದಲ್ಲಿ ಮಾಡಿಸಿದ್ದರೆ ಹಾಳು ಮಾಡುತ್ತಿದ್ದರು ಎಂದು ತೀರ್ಪಿತ್ತರು. ಆಮೇಲೆ ಎದ್ದು, ಸುತ್ತು ಹಾಕಿ, ಗೋಡೆಯ ಸಂದಿಗೆ ಇಣುಕಲು ಹೋದರು.

ಅತ್ತಿಗೆ ಜಗಲಿಯಿಂದಲೇ ಹೇಳಿದರು, “ಆ ಬದಿ ನಾನು ಆಗಲೇ ನೋಡಿದ್ದೇನೆ. ಎಂತದೂ ಇಲ್ಲ.”

ಭಾವ ನಿಂತರು. “ನೀನು ನೋಡಿದ ಮೇಲೆ ಮತ್ತೆ ನಾನು ನೋಡುದೆಂತಕ್ಕೆ” ಎಂದು ಬನಿಯನ್ ಮಡಚಿ, ನನ್ನತ್ತ ತಿರುಗಿದರು. “ನೀವು ನಂಬುದಿಲ್ಲ ಭಾವ. ಮನೆ ನಡೆಯುದು ನಂಬಿಕೆಯಲ್ಲಿ.”

ಕೈಕಾಲು ತೊಳೆಯಲು ಅವರು ಒಳಗೆ ಹೋದರು. ಅತ್ತಿಗೆ ಕಾಫಿ ತಂದಿಟ್ಟು, ಲೋಟದತ್ತ ನೋಡುತ್ತಲೇ ಕೇಳಿದರು.

“ಆ ಬದಿ ಮುಂದಕ್ಕೆ ಹಾಕಿಸಿದ್ರಾ?”

“ಹೌದು. ಹಿಂದಿನದು ಖಾಲಿ ಇರಲಿಲ್ಲ.”

ಅವರು ಲೋಟವನ್ನು ನನ್ನತ್ತ ಸರಿಸಿದರು.

“ಇನ್ನು ನಾವಿಬ್ಬರೂ ಜಾಗ್ರತೆ ಓಡಿಸ್ಬೇಕು. ಆ ಬದಿಯಲ್ಲಿ ಜಾಗ ಮುಗೀತು.”