ನಾಲ್ಕು ಸಾವಿರ ಟನ್ ಹೊಗೆ

ಟೈಪಿಸ್ಟ್ ವಾರಿಜಾಳ ಬೆರಳು ಸೊನ್ನೆಯ ಮೇಲೆ ಒಂದು ಸಲ ಹೆಚ್ಚಿಗೆ ಬಿತ್ತು. ನಾಣಿಯ ಗ್ರಹಚಾರ ಶುರುವಾದದ್ದು ಹಾಗೆ.

ತೊಂಬತ್ತೆರಡನೇ ಇಸವಿ. ನಾಣಿ ಅಂಧೇರಿಯ ಬಟ್ಟೆ ಬಣ್ಣದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಮನೆ ಕಾರ್ಖಾನೆಯ ಬೆನ್ನಿಗೇ ಇದ್ದ ಚಾಳಿನಲ್ಲಿ. ಹೆಂಡತಿ ಕೌಸಲ್ಯಾಗೆ ಉಬ್ಬಸ. ಚಾಳಿನವರು ಜಗಳವಾಡಿ ಕಾರ್ಖಾನೆಯ ಎರಡನೇ ಚಿಮಣಿಯನ್ನು ನಿಲ್ಲಿಸಿದ ಮೇಲೆ ಅವಳು ಸ್ವಲ್ಪ ಉಸಿರಾಡುತ್ತಿದ್ದಳು.

ಮಾಲೀಕರು ದೂರದ ಕಡಲತೀರದಲ್ಲಿ ಒಂದು ಗಾಳಿಯಂತ್ರ ನಿಲ್ಲಿಸಿದ್ದರು. ಅದರ ಕರೆಂಟಿನಿಂದ ವರ್ಷದಲ್ಲಿ ದೇಶಕ್ಕೆ ಎಷ್ಟು ಕಲ್ಲಿದ್ದಲ ಹೊಗೆ ತಪ್ಪಿತೆಂದು ತಿಳಿಯಲು ಅಂದು ಸರ್ಕಾರಿ ಅಧಿಕಾರಿ ಸತ್ಯಮೂರ್ತಿ ಬರುವವರಿದ್ದರು. ಎಷ್ಟು ಹೊಗೆ ತಪ್ಪಿಸಿದರೋ ಅಷ್ಟನ್ನು ಕಾರ್ಖಾನೆ ತಾನು ಬಿಡಬಹುದಿತ್ತು.

"ಅರವತ್ತೇಳು ಟನ್ ಸರ್," ಎಂದ ನಾಣಿ. "ಯಂತ್ರ ಕೆಟ್ಟು ನಿಂತು ಹತ್ತು ತಿಂಗಳಾಯ್ತಲ್ಲ."

ಮ್ಯಾನೇಜರ್ ಬಸವಂತರಾಯರ ಮುಖ ಹಾಗಲಕಾಯಿ ಕಚ್ಚಿದಂತಾಯಿತು. "ವರ್ಷಪೂರ್ತಿ ತಿರುಗಿದ್ರ ಎಷ್ಟ ಆಗ್ತಿತ್ತು?"

"ಸುಮಾರು ನಾನೂರು."

"ಅದನ್ನ ಬರಿ. ಗಾಳಿ ಏನ್ ಸಾಕ್ಷಿ ಹೇಳಾಕ ಬರ್ತದೇನು?"

ವಾರಿಜಾ ಅದನ್ನು ನಾಲ್ಕು ಸಾವಿರ ಮಾಡಿದಳು. ನಾಣಿ ತಪ್ಪು ಕಂಡು ಓಡುವಷ್ಟರಲ್ಲಿ ಕಾಗದ ಸತ್ಯಮೂರ್ತಿಯ ಕೈಯಲ್ಲಿತ್ತು.

"ಭೇಷ್! ನಿಮ್ಮ ಚಿಮಣಿ ಎಷ್ಟು ಬಿಡುತ್ತೆ?"

"ಎರಡ ಸಾವಿರ ಸಾಹೇಬ್ರ," ಎಂದರು ಬಸವಂತರಾಯರು.

"ಹಾಗಾದ್ರೆ ದೇಶವೇ ನಿಮಗೆ ಎರಡು ಸಾವಿರ ಟನ್ ಬಾಕಿ! ಇನ್ನೊಂದು ಚಿಮಣಿ ಯಾಕ್ರೀ ಸುಮ್ಮನೆ ನಿಂತಿದೆ? ಇವತ್ತೇ ಹಚ್ಚಿ. ಆರ್ಡರ್ ಹಿಂದಿನಿಂದ ಬರುತ್ತೆ."

"ಸರ್, ಅಲ್ಲೊಂದು ಸೊನ್ನೆ..." ಎಂದು ನಾಣಿ ಬಾಯಿ ತೆರೆದ. ಬಸವಂತರಾಯರು ಅವನ ಕಾಲು ತುಳಿದರು. "ಲೆಕ್ಕಾ ಇವಂದಽ ಸಾಹೇಬ್ರ. ಭಾಳ ನಾಚಿಕಿ ಮನಶ್ಯಾ."

ಸಂಜೆ ಮನೆಗೆ ಬಂದರೆ ಕಿಟಕಿಯ ತುಂಬ ಕರಿ ಹೊಗೆ. ಕೌಸಲ್ಯಾ ಗೋಡೆ ಹಿಡಿದು ಕೆಮ್ಮುತ್ತಿದ್ದಳು. ಪಕ್ಕದ ಮನೆಯ ಕಸ್ತೂರಿಬಾಯಿ ಇಡೀ ಚಾಳನ್ನೇ ಕರೆತಂದು ಬಾಗಿಲಲ್ಲಿ ನಿಂತಿದ್ದಳು.

"ನಾಣೀ ಅಣ್ಣಾರ, ಯಾವನೋ ಸುಳ್ಳ ಲೆಕ್ಕಾ ಕೊಟ್ಟಾನಂತ. ಮಾಲಕರಿಗೆ ಅರ್ಜಿ ಬರೀರಿ. ಒಂದು, ಚಿಮಣಿ ಬಂದ್ ಆಗ್ಬೇಕು. ಎರಡು, ಆ ಹಲ್ಕಟ್‌ನ ನೌಕರಿ ಹೋಗ್ಬೇಕು."

ಆ ಲೆಕ್ಕ ತನ್ನ ಹೆಸರಲ್ಲೇ ಇದೆಯೆಂದು ಗೊತ್ತಿದ್ದೂ ನಾಣಿ ಪೆನ್ನು ತೆಗೆದ. ನಲವತ್ತು ಜನ ನೋಡುತ್ತಿದ್ದಂತೆ ಬರೆದ. ಕೌಸಲ್ಯಾ ಏದುಸಿರು ಬಿಡುತ್ತಲೇ ಮೊದಲ ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಬಸವಂತರಾಯರು ಅರ್ಜಿಯನ್ನು ಅವನ ಮೇಜಿನ ಮೇಲಿಟ್ಟರು.

"ಅಕ್ಷರ ನಿಂದಽ ಅಲ್ಲೇನು?"

"ಹೌದು ಸರ್."

"ಮಾಲಕರು ಓದಿದ್ರು. ಚಿಮಣಿ ನಿಂದರಸಾಕ ಆಗೂದಿಲ್ಲಂತ. ಎರಡನೇ ಬೇಡಿಕಿ ಮಂಜೂರ ಮಾಡ್ಯಾರ."