ಅಣ್ಣ-ತಮ್ಮರ ದರ

ಜಕಾತಿ ನಾಕಾದ ಕಾರಕೂನನಿಗೆ ದುಡ್ಡು ಕೊಟ್ಟು ನಾಟಕ ನೋಡುವ ಗರಜಿಲ್ಲ. ನಾಟಕವೇ ಚಕ್ಕಡಿ ಹೂಡಿಕೊಂಡು ಬಾಗಿಲಿಗೆ ಬರುತ್ತದೆ. ಯುದ್ಧ ಮುಗಿದ ಹೊಸದರಲ್ಲಿ ವಿಜಾಪುರದ ನಾಕಾದಲ್ಲಿ ಕಂಡದ್ದು ಹೇಳುತ್ತೇನೆ. ನಾಲ್ಕಾಣೆ ಸುಳ್ಳು ಸೇರಿದ್ದರೆ ಅದಕ್ಕೆ ಜಕಾತಿ ಇಲ್ಲ.

ಬಿಲ್ಲು

ವಿಲಾಯತಿಯಿಂದ ಹಡಗಿನಲ್ಲಿ ಬಂದ ಗ್ಯಾಸ್ ಬತ್ತಿಗಳು. ಮುಂಬಯಿಯಲ್ಲಿ ತರಿಸಿದವನು ಅಣ್ಣ, ನಮ್ಮೂರಲ್ಲಿ ಮಾರುವ ಸಾವಕಾರ ತಮ್ಮ. ಅಣ್ಣನ ಬಿಲ್ಲಿನಲ್ಲಿ ಒಂದಕ್ಕೆ ಹತ್ತೇ ರೂಪಾಯಿ! ಬೆಲೆ ಇಳಿದಷ್ಟು ಜಕಾತಿಯೂ ಇಳಿಯುತ್ತದಲ್ಲ.

“ಹತ್ತಕ್ಕ ನನಗೂ ಒಂದು ಕೊಡ್ರಿ ಸಾವಕಾರ್ರ,” ಎಂದೆ.

“ನಿಮಗ ಹ್ಯಾಂಗ ಕೊಡ್ಲಿರಿ? ಅದು ಅಣ್ಣ-ತಮ್ಮರ ದರ!”

“ಹಂಗಾರ ಹೊರಗಿನವರ ದರ ಹೇಳ್ರಿ.”

ಸಾವಕಾರರಿಗೆ ಒಮ್ಮೆಲೆ ಕೆಮ್ಮು ಬಂತು. ಮಾಲು ನಾಕಾದಲ್ಲೇ ಉಳಿಯಿತು.

ಸಾಕ್ಷಿ

ಮರುದಿನ ಸಂಜೆ ತಿಕೋಟಾದ ಮದುವೆ ಮೆರವಣಿಗೆಗೆ ಅವೇ ಬತ್ತಿ ಹೋಗಬೇಕಿತ್ತು. ಮೆರವಣಿಗೆ ಕತ್ತಲಲ್ಲಿ ಹೊರಟರೆ ಸಾವಕಾರರ ಮಾನ ಹೋದಂತೆಯೇ. “ಹೊರಗಿನವರಿಗೂ ಅದೇ ದರ ಅಂತ ತೋರಿಸಲಿ, ಬಿಡೋಣ,” ಎಂದರು ನಾಕಾದ ನಮ್ಮ ಸಾಹೇಬರು. ಮುಂಜಾನೆಯೇ ಸಾವಕಾರರು ಬಬಲೇಶ್ವರದ ರೈತನೊಬ್ಬನನ್ನು ಕರೆತಂದರು.

“ನನಗೂ ಹತ್ತಕ್ಕ ಕೊಟ್ಟಾರ್ರಿ.”

“ಬತ್ತಿ ಎಲ್ಲೈತಪಾ?” ಎಂದೆ.

“ಇನ್ನಾ ಒಯ್ದಿಲ್ರಿ.”

“ಹಂಗಾರ ಈಗs ಒಯ್ಯಿ!”

ಅವನು ಖುಷಿಯಿಂದ ಧೋತರದ ಗಂಟು ಬಿಚ್ಚತೊಡಗಿದ. “ಉಳಿದವಕ್ಕೂ ಗಿರಾಕಿ ಕರೀಲೇನ್ರಿ?” ಎಂದೆ. ಸಾವಕಾರರು ಬತ್ತಿ ಅವಚಿಕೊಂಡು ಒದರಿದರು: “ಬ್ಯಾಡ್ರಿ! ಇವ ಹೊರಗಿನವ ಅಲ್ಲ, ನಮ್ಮ ಸ್ವಾದರಮಾವ!”

ಜಗಳ

ತಮ್ಮನ ತಂತಿ ಮುಟ್ಟಿ, ಮಧ್ಯಾಹ್ನದ ರೈಲಿಗೆ ಮುಂಬಯಿಯಿಂದ ಅಣ್ಣನೇ ಬಂದಿಳಿದ. “ನಮ್ಮಿಬ್ಬರಿಗೂ ಮಾತs ಇಲ್ರಿ. ವೈರಿಗೆ ಯಾರರ ದರ ಇಳಸ್ತಾರೇನ್ರಿ?” ಎಂದ. ಸಾಹೇಬರ ಮುಂದೆ ಇಬ್ಬರೂ ಜಗಳ ಶುರುಮಾಡಿದರು. ಬಾಯಿಪಾಠ ಮಾಡಿದ ಜಗಳ. ಒಬ್ಬ ಬೈದು ಮುಗಿಸುವ ತನಕ ಇನ್ನೊಬ್ಬ ಕಾಯುತ್ತಿದ್ದ.

ನಾನು ಪಾಪ, ಇಷ್ಟೇ ಕೇಳಿದೆ: “ಪಾಲಿನಾಗ ಹಿತ್ತಲ ಬಾವಿ ಯಾರಿಗೆ ಬಂತ್ರಿ?”

ಅಲ್ಲಿಗೆ ನಾಟಕ ಮುಗಿದು ಖರೇ ಜಗಳ ಹತ್ತಿತು. ರುಮಾಲು ಹಾರಿದವು.

“ನಲವತ್ತರ ಬತ್ತಿ ಹತ್ತಕ್ಕ ಕೊಟ್ಟೇನಲೇ, ಬಾವೀನೂ ಬೇಕೇನು?” ಎಂದು ಅಣ್ಣ ಗರ್ಜಿಸಿದ.

ನಾನು ಟಾಕು ಮಸಿಯಲ್ಲಿ ಅದ್ದಿದೆ.

“ಸುಳ್ಳು ಹೇಳಬ್ಯಾಡ! ಮೂವತ್ತೈದರ ಬತ್ತಿ ಅದು!” ಎಂದ ತಮ್ಮ.

ಸಾಹೇಬರು ದೊಡ್ಡ ಮನಸ್ಸು ಮಾಡಿ ಮೂವತ್ತೈದನ್ನೇ ಬರೆಸಿದರು. ಜಕಾತಿ ತುಂಬಿ, ಬತ್ತಿ ಹೇರಿಕೊಂಡು ಚಕ್ಕಡಿ ಹೊತ್ತಿಗೆ ಸರಿಯಾಗಿ ತಿಕೋಟಾ ದಾರಿ ಹಿಡಿಯಿತು. ಅಣ್ಣ ಮೂಡಲಕ್ಕೆ, ತಮ್ಮ ಪಡುವಲಕ್ಕೆ ಮುಖ ಮಾಡಿ ಕುಂತಿದ್ದರು.

ನಾನು ಹಿಂದಿನಿಂದ ಕೂಗಿದೆ: “ಮಾತಿಲ್ಲ ಅನ್ನೂದು ಈಗ ಖರೇ ಅನಸ್ತು ನೋಡ್ರಿ! ಮೊದಲs ಹಿಂಗ ಕುಂತು ಬಂದಿದ್ರ ಹತ್ತs ಬರೀತಿದ್ದೆ!”