ಪಕ್ಕದ ಮನೆಗೆ ದಂಡೆತ್ತಿ ಹೋದ ಕಾರಣಗಳು

ಇತಿಹಾಸದ ಮೇಷ್ಟ್ರಾಗಿದ್ದವನಿಗೆ ನಿವೃತ್ತಿಯಾದ ಮೇಲೂ ಒಂದು ಚಟ ಉಳಿದುಬಿಡುತ್ತದೆ. ಯಾರು ಏನು ಮಾಡಿದರೂ ಅದಕ್ಕೆ ಕಾರಣ ಹುಡುಕುವ ಚಟ. ಹಾಲಿನವನು ತಡವಾಗಿ ಬಂದರೂ ಮೂಲ ಕಾರಣ, ತಕ್ಷಣದ ಕಾರಣ ಎಂದು ಎರಡು ಭಾಗ ಮಾಡುತ್ತೇನೆ. ನನ್ನ ಹೆಂಡತಿ ಶಾರದೆ ಇದನ್ನು ಕಾಯಿಲೆ ಎನ್ನುತ್ತಾಳೆ. ರಾಜಾಜಿನಗರದ ಶಾಲೆಯಲ್ಲಿದ್ದಾಗ ಪ್ರತಿ ವರ್ಷವೂ ನಾನು ಕೇಳುತ್ತಿದ್ದ ಅಚ್ಚುಮೆಚ್ಚಿನ ಪ್ರಶ್ನೆ, ‘ಪೋರ್ಚುಗೀಸರ ವಸಾಹತಾಗಿದ್ದ ಗೋವಾಕ್ಕೆ ಭಾರತ ಸೇನೆ ಕಳಿಸಲು ಕಾರಣಗಳೇನು?’ ಅಲ್ಲಿಯ ಜನ ನಮ್ಮವರೇ ಎಂಬ ಕರುಳು, ಕರಾವಳಿಯ ಭದ್ರತೆ, ವರ್ಷಗಟ್ಟಲೆ ಮಾತಾಡಿದರೂ ಪೋರ್ಚುಗೀಸರು ಜಗ್ಗದಿದ್ದುದು, ‘ಇನ್ನೂ ಎಷ್ಟು ದಿನ ಸುಮ್ಮನಿರುತ್ತೀರಿ’ ಎಂಬ ಹೊರಗಿನವರ ಒತ್ತಾಯ. ಸೀಮೆಸುಣ್ಣ ಸವೆಯುವ ತನಕ ಇಷ್ಟನ್ನೂ ಬರೆಸುತ್ತಿದ್ದೆ. ಒಬ್ಬ ಹುಡುಗ ಮಾತ್ರ ಎದ್ದು ನಿಂತು, ‘ಗೋವಾ ಚೆನ್ನಾಗಿತ್ತು ಸಾರ್, ಅದಕ್ಕೆ’ ಎಂದಿದ್ದ. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

ನಾವು ವಿಜಯನಗರಕ್ಕೆ ಬಂದ ಕಾಲದಲ್ಲಿ ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಪಕ್ಕದ ಮನೆಯ ರುದ್ರಪ್ಪನವರು ದಾವಣಗೆರೆ ಕಡೆಯವರು, ಸರ್ಕಾರಿ ಕೆಲಸದಲ್ಲಿದ್ದವರು. ನಡುವಿನ ಕಾಂಪೌಂಡು ಸೊಂಟದೆತ್ತರ. ಅದರ ಮೇಲಿಂದ ನಮ್ಮ ಬಸ್ಸಾರು ಆಚೆ ಹೋಗುತ್ತಿತ್ತು, ಅವರ ಹೆಂಡತಿ ಗೌರಮ್ಮನವರ ಜೋಳದ ರೊಟ್ಟಿ, ಶೇಂಗಾ ಚಟ್ನಿ ಈಚೆ ಬರುತ್ತಿದ್ದವು. ಯಾರ ಡಬ್ಬಿಯನ್ನೂ ಖಾಲಿ ಹಿಂದಿರುಗಿಸಬಾರದು ಎಂಬುದು ಆಗಿನ ಅಲಿಖಿತ ಕಾನೂನು. ತಳದಲ್ಲಿ ಒಂದಿಷ್ಟು ಸಕ್ಕರೆ ಹಾಕಿ ಕೊಡುವವರೂ ಇದ್ದರು, ಆದರೆ ಅದು ಮೈಗಳ್ಳರ ದಾರಿ ಎಂಬುದು ಗೌರಮ್ಮನವರ ತೀರ್ಪು. ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ, ಮನಸ್ಸು ಎರಡೂ ಹಸಿಯುತ್ತವೆ. ಈಗ ರಸ್ತೆಯ ಮನೆಗಳೆಲ್ಲ ನಾಲ್ಕು ಅಂತಸ್ತಾಗಿವೆ. ಎದುರುಮನೆಯವರ ಮುಖ ಕಾಣುವುದು ಅವರ ಪಾರ್ಸೆಲ್ ನಮ್ಮ ಮನೆಗೆ ಬಂದಾಗ ಮಾತ್ರ. ಸಂಜೆ ಕಾಂಪೌಂಡಿಗೆ ಒರಗಿ ರುದ್ರಪ್ಪನವರ ಜೊತೆ ಹರಟುವುದೊಂದೇ ನನ್ನ ಪಾಲಿಗೆ ಉಳಿದಿದ್ದ ಹಳೆಯ ವಿಜಯನಗರ.

ಮೊನ್ನೆ ಗೌರಮ್ಮನವರು ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೋದರು. ಒಂಟಿಯಾದ ರುದ್ರಪ್ಪನವರಿಗೆ ಶಾರದೆ ದಿನಾ ಏನಾದರೂ ಕಳಿಸತೊಡಗಿದಳು. ಹೋದ ಡಬ್ಬಿ ಮಾತ್ರ ತಿರುಗಿ ಬರಲಿಲ್ಲ. ನಾನು ಕಾಂಪೌಂಡಿನ ಬಳಿ ನಯವಾಗಿ ಮಾತೆತ್ತಿದರೆ, ‘ಕೊಡ್ತೀನಿ ತಡೀರಿ ಮೇಷ್ಟ್ರೇ’ ಎನ್ನುತ್ತಿದ್ದರು. ಕೊನೆಗೆ ನಮ್ಮ ಮನೆಯಲ್ಲಿ ಒಗ್ಗರಣೆ ಸಾಸಿವೆಗೂ ಡಬ್ಬಿ ಇಲ್ಲದಂತಾಗಿ, ಸಂಧಾನ ಮುರಿದುಬಿತ್ತು.

ರುದ್ರಪ್ಪನವರು ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಳ್ಳುವವರೆಂದು ಗೌರಮ್ಮನವರು ಇನ್ನೊಂದು ಕೀಲಿಯನ್ನು ನಮ್ಮಲ್ಲಿ ಕೊಟ್ಟು ಹೋಗಿದ್ದರು. ಒಂದು ಬೆಳಿಗ್ಗೆ ರುದ್ರಪ್ಪನವರು ಮೆಟ್ರೋ ಹತ್ತಿ ದೀಪಾಂಜಲಿ ನಗರದ ನೆಂಟರ ಮನೆಗೆ ಹೊರಟಿದ್ದೇ ತಡ, ಶಾರದೆ ಆ ಕೀಲಿ ಕೈಗೆತ್ತಿಕೊಂಡಳು.

‘ಅಲ್ವೇ, ಬೇರೆಯವರ ಮನೆ ಕಣೇ’ ಎಂದೆ.

‘ಪಾಪ, ಒಬ್ರೇ ಇದಾರೆ, ಅಡುಗೆಮನೆ ಏನ್ ಅವಸ್ಥೆ ಆಗಿದ್ಯೋ! ಅಲ್ಲಿ ಜಿರಲೆ ಆದ್ರೆ ನಾಳೆ ನಮ್ಮನೆಗೂ ಬರುತ್ತೆ. ಎಷ್ಟು ಸಲ ಕೇಳೋದು ರೀ? ಗೌರಮ್ಮನೂ ಫೋನಲ್ಲಿ ಹೋಗಿ ನೋಡಿ ಅಂತಾನೇ ಇದಾರೆ.’

ಕರುಳು, ಗಡಿಯ ಭದ್ರತೆ, ವಿಫಲ ಮಾತುಕತೆ, ಹೊರಗಿನ ಒತ್ತಾಯ. ಒಂದೂ ಬಿಟ್ಟಿರಲಿಲ್ಲ. ಇಂಥ ವಿದ್ಯಾರ್ಥಿ ನನಗೆ ತರಗತಿಯಲ್ಲಿ ಸಿಗಲೇ ಇಲ್ಲವಲ್ಲ ಎಂದುಕೊಂಡೆ. ಚೀಲ ಹಿಡಿದು ಹಿಂದೆ ನಡೆದೆ.

ಪ್ರತಿರೋಧ ಇರಲಿಲ್ಲ. ತೊಳೆದು ಒರೆಸಿಟ್ಟ ನಮ್ಮ ಡಬ್ಬಿಗಳೆಲ್ಲ ಅಡುಗೆ ಕಟ್ಟೆಯ ಮೇಲೆ ಫಳಫಳ ಹೊಳೆಯುತ್ತಿದ್ದವು. ಪಕ್ಕದಲ್ಲಿ ಜೋಳದ ಹಿಟ್ಟು ಚೆಲ್ಲಿತ್ತು. ಡಬ್ಬಿಗಳನ್ನು ಚೀಲಕ್ಕೆ ತುಂಬಿ ಹೊರಬಂದರೆ ಗೇಟಿನಲ್ಲಿ ರುದ್ರಪ್ಪನವರು! ಮೊಬೈಲ್ ಮರೆತು ಅರ್ಧದಾರಿಯಿಂದ ವಾಪಸಾಗಿದ್ದರು. ಅವರು ಚೀಲ ನೋಡಿದರು.

‘ಖಾಲಿ ಡಬ್ಬಿ ಹೆಂಗ್ರೀ ಕೊಡ್ಲಿ ಮೇಷ್ಟ್ರೇ? ನಾಲ್ಕು ರೊಟ್ಟಿ ದುಂಡಗೆ ಬರ್ಲಿ, ಹಾಕಿ ಕೊಡೋಣ ಅಂತ ಕಾಯ್ತಿದ್ದೆ’ ಎಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಂದು ಸಂಜೆ ಅವರು ಕಾಂಪೌಂಡಿನ ಬಳಿ ಬರಲಿಲ್ಲ. ಮರುದಿನವೂ ಇಲ್ಲ. ನಮ್ಮ ಡಬ್ಬಿಗಳೆಲ್ಲ ನಮ್ಮ ಶೆಲ್ಫಿನಲ್ಲಿದ್ದವು. ಅವರು ನಮ್ಮ ಮನೆಗೆ ಬರಬೇಕಾದ ಒಂದು ನೆವವನ್ನೂ ನಾವು ಉಳಿಸಿರಲಿಲ್ಲ. ಒಂಟಿಯಾಗಿ ಕಾಂಪೌಂಡಿಗೆ ಒರಗಿ ನಿಂತಾಗ ನನಗೆ ನಿಜಕ್ಕೂ ಅಳು ಬಂದಂತಾಯಿತು. ಕೊನೆಗೊಂದು ದಿನ ಶಾರದೆ ದೊಡ್ಡ ಡಬ್ಬಿಗೆ ಬಸ್ಸಾರು ತುಂಬಿ ನನ್ನ ಕೈಗಿತ್ತಳು. ‘ಕೊಟ್ಟು ಬನ್ನಿ. ಡಬ್ಬಿ ವಾಪಸ್ ಅಂತ ಬಾಯ್ಬಿಟ್ರೆ ನೋಡಿ ಮತ್ತೆ!’

ರುದ್ರಪ್ಪನವರು ಬಾಗಿಲು ಅರ್ಧ ತೆರೆದು ಡಬ್ಬಿ ತೆಗೆದುಕೊಂಡರು. ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ, ‘ಅಲ್ರೀ, ಶಾರದಮ್ಮನೋರು ಡಬ್ಬಿಗೆ ಬಂದ್ರು, ಸರಿ. ನೀವ್ಯಾಕ್ರೀ ಬಂದಿದ್ರಿ?’ ಎಂದರು.

ಸಾವಿರಾರು ಮಕ್ಕಳಿಂದ ಕಾರಣ ಬರೆಸಿದ ನನಗೆ, ಬೆಂಚಿನ ಮೇಲೆ ನಿಲ್ಲಿಸಿದ್ದ ಆ ಹುಡುಗ ನೆನಪಾದ. ಕರುಳೂ ಅಲ್ಲ, ಜಿರಲೆಯೂ ಅಲ್ಲ.

‘ವಾರದಿಂದ ನಿಮ್ಮನೆಯಿಂದ ರೊಟ್ಟಿ ಬೇಯೋ ವಾಸನೆ ಬರ್ತಿತ್ತು ರುದ್ರಪ್ಪನೋರೇ’ ಎಂದೆ. ‘ಒಂದಾದ್ರೂ ಸಿಗುತ್ತೇನೋ ಅಂತ ಬಂದಿದ್ದೆ.’

ಅವರು ಬಾಗಿಲನ್ನು ಪೂರ್ತಿ ತೆರೆದರು. ಕಲಿಯುವವರ ಕೈಯ ರೊಟ್ಟಿ, ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ನಿಂತಲ್ಲೇ ತಿಂದು, ಇನ್ನೊಂದು ಕೇಳಿದೆ.